ನೆರವಿಗೆ ಹೊರಟವರ ಮೊದಲ ಪಾಠ



ಚಿಂತಾಮಣಿ ಕಡೆಯ ಕುಟುಂಬವೊಂದರ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಇತ್ತೀಚೆಗೆ ಆಕೆ ತಂದೆತಾಯಿಯೊಡನೆ ನನ್ನ ಬಳಿಗೆ ಬಂದು ಶಿಫಾರಸು ಪತ್ರವೊಂದನ್ನು ಕೇಳಿದಳು. ಆಫ್ರಿಕಾದ ಬಡ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡು ತಿಂಗಳು ಶಿಕ್ಷಕರ ಸಹಾಯಕಿಯಾಗಿ ಸೇವೆ ಸಲ್ಲಿಸುವ ಹಂಬಲ ಅವಳದು. ಸಂಬಳವಿಲ್ಲ, ಪ್ರಯಾಣ, ವಸತಿಗಳ ವೆಚ್ಚವೂ ಅವಳದೇ. ತಂದೆಗೆ ಹೆಮ್ಮೆ, ತಾಯಿಗೆ ಆತಂಕ. "ನಮ್ಮೂರ ಶಾಲೆಗೇ ಮೇಷ್ಟ್ರು ಸಾಲದು, ಅಷ್ಟು ದೂರ ಯಾಕೆ ಫಾದರ್?" ಎಂದರು ತಾಯಿ. ಪತ್ರ ಬರೆಯುವುದು ಐದು ನಿಮಿಷದ ಕೆಲಸ. ಆ ಪ್ರಶ್ನೆ ಮಾತ್ರ ಹಲವು ದಿನ ನನ್ನನ್ನು ಬಿಡಲಿಲ್ಲ.

ದೂರದವರಿಗೆ ನೆರವಾಗುವುದು ತಪ್ಪೇ? ಹಾಗೆನ್ನಲು ನನಗೆ ಬಾಯಿ ಬಾರದು. 1853ರಲ್ಲಿ ಕಡಲು ದಾಟಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರು ದಶಕಗಳ ಕಾಲ ಕನ್ನಡವನ್ನು ಕಲಿತು 1894ರಲ್ಲಿ ನಮ್ಮ ಕೈಗೆ ನಿಘಂಟನ್ನೇ ಇತ್ತರು. ಪ್ರೀತಿಗೆ ಗಡಿಯಿಲ್ಲ. ಆದರೆ ಕಿಟ್ಟೆಲ್ ಅವರು ಕಲಿಯಲು ಕೊಟ್ಟ ಕಾಲವನ್ನು ಗಮನಿಸಿ!

1968ರಲ್ಲಿ ಇವಾನ್ ಇಲಿಚ್ ಎಂಬ ಕಥೋಲಿಕ ಗುರು ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಸಿಗೆಯ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡಿದರು. ಅವರ ಮಾತು ಕಹಿಯಾಗಿತ್ತು: ನೋಡಲು ಬನ್ನಿ, ಕಲಿಯಲು ಬನ್ನಿ, ಆದರೆ ಉದ್ಧರಿಸಲು ಬರಬೇಡಿ ಎಂಬುದೇ ಅದರ ಸಾರ. ಭಾಷೆ ತಿಳಿಯದವನಿಗೆ ತನ್ನಿಂದಾದ ಹಾನಿಯೂ ತಿಳಿಯುವುದಿಲ್ಲವೆಂಬುದು ಅವರ ಕಳವಳ. ಸೆಮಿನರಿಯಲ್ಲಿ ಇದನ್ನು ಓದಿದಾಗ ಅತಿಯಾಯಿತೆನಿಸಿತ್ತು. ಆಮೇಲೆ ನನ್ನ ಸರದಿಯೇ ಬಂತು.

ಗುರುಅಭ್ಯರ್ಥಿಯಾಗಿದ್ದಾಗ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯ ಶಾಲೆಯೊಂದರಲ್ಲಿ ಒಂದು ತಿಂಗಳು ಶಿಕ್ಷಕರಿಗೆ ನೆರವಾಗಲು ಹೋಗಿದ್ದೆ. ಒಬ್ಬ ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಬಂದವನನ್ನು ಎಲ್ಲರೆದುರು ನಿಲ್ಲಿಸಿ ಶಿಸ್ತಿನ ಬಗ್ಗೆ ಉಪದೇಶ ಮಾಡಿದೆ. ಅವನು ನೆಲ ನೋಡುತ್ತಾ ನಿಂತಿದ್ದ. ಸಂಜೆ ಮೇಷ್ಟ್ರು ಮೆಲ್ಲನೆ ಹೇಳಿದರು: "ಬ್ರದರ್, ಅವರ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿತ್ತು. ಚಂದ್ರಿಕೆಗೆ ಬಿಡುವಾಗ ಮನೆಯ ಎಲ್ಲ ಕೈಗಳೂ ಬೇಕು. ಇನ್ನೊಂದು ಮಾತು, ಮನೆಯಲ್ಲಿ ಅವರದು ತೆಲುಗು. ನಿಮ್ಮ ಗ್ರಾಂಥಿಕ ಕನ್ನಡ ಅವನಿಗೆ ಅರ್ಥವಾಗಿರಲಾರದು." ಕನ್ನಡ ನಾಡಿನಲ್ಲೇ ನಾನು ವಿದೇಶಿಯಾಗಿದ್ದೆ! ಹೊರಡುವ ದಿನ ಅದೇ ಹುಡುಗ ಬಂದು ಏನೋ ಕೇಳಿದ. "ಮತ್ತೆ ಯಾವಾಗ ಬರ್ತೀರಿ ಅಂತಾನೆ" ಎಂದು ಇನ್ನೊಬ್ಬ ತಿಳಿಸಿದ. "ಬೇಗ" ಎಂದೆ. ನಾನು ಮತ್ತೆ ಹೋಗಲಿಲ್ಲ. ಆ ತಿಂಗಳಿನಿಂದ ನನಗೆ ಲಾಭವಾಯಿತು. ನನ್ನ ಪ್ರವಚನಗಳಿಗೆ ದೃಷ್ಟಾಂತಗಳು ದೊರೆತವು. ಅವನಿಗೆ ದೊರೆತದ್ದೇನು?

ಶಾಲೆಗಳಿಗೆ ನೆರವು ಬೇಡವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕದಲ್ಲಿ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಮಕ್ಕಳು 60ರೊಳಗಿದ್ದರೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು! ಅಕ್ಷರ ಕೂಡಿಸಲಾರದ ಮಗುವಿನ ಪಕ್ಕ ಕೂರುವವರು ಯಾರು? ಮುಂಬಯಿ, ವಡೋದರಗಳಲ್ಲಿ 'ಪ್ರಥಮ್' ಸಂಸ್ಥೆ ಇದಕ್ಕೊಂದು ಸರಳ ದಾರಿ ಹುಡುಕಿತು. ಹತ್ತನೆಯ ತರಗತಿ ಮುಗಿಸಿದ, ಅದೇ ಬಡಾವಣೆಗಳ ಯುವತಿಯರನ್ನು 'ಬಾಲಸಖಿ'ಯರನ್ನಾಗಿ ನೇಮಿಸಿ, ಸುಮಾರು ಎರಡು ವಾರ ತರಬೇತಿ ನೀಡಿ, ಹಿಂದುಳಿದ ಮಕ್ಕಳನ್ನು ಅವರಿಗೆ ಒಪ್ಪಿಸಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆಚ್ಚು ಪ್ರಯೋಜನ ಪಡೆದವರು ತೀರಾ ಹಿಂದುಳಿದಿದ್ದ ಮಕ್ಕಳೇ. ಆ ಯುವತಿಯರ ಬಳಿ ದೊಡ್ಡ ಪದವಿಯಿರಲಿಲ್ಲ. ಮಗುವಿನ ಮಾತು ಗೊತ್ತಿತ್ತು, ಅದರ ಮನೆ ಗೊತ್ತಿತ್ತು, ನಾಳೆಯೂ ಅವರು ಅಲ್ಲೇ ಇರುತ್ತಿದ್ದರು.

ದೂರ ಹೋಗುವುದಕ್ಕೂ ಉಳಿಯುವುದಕ್ಕೂ ವೈರವಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರೆಗೆ ಹೋಗಿ ಭೌತಶಾಸ್ತ್ರ ಕಲಿತರು. ಮರಳಿ ಬಂದು ಗೌರಿಬಿದನೂರು, ಬಾಗೇಪಲ್ಲಿಗಳಂಥ ಹಿಂದುಳಿದ ಊರುಗಳ ಮಕ್ಕಳಿಗೆ ಕಾಲೇಜು ದೊರಕಲು ಶ್ರಮಿಸಿದರು. ಅವರು ವಿಚಾರವಾದಿ, ನಮ್ಮ ವಿಶ್ವಾಸ ಅವರದಲ್ಲ. ಆದರೂ 2005ರಲ್ಲಿ ಕಣ್ಮುಚ್ಚುವವರೆಗೆ ಶಿಕ್ಷಣಕ್ಕೇ ಬದುಕನ್ನು ಮುಡಿಪಾಗಿಟ್ಟ ಅವರಿಂದ ನಿಷ್ಠೆಯೆಂದರೇನೆಂದು ನಾವು ಕಲಿಯಬಹುದು.

ಕೊನೆಗೆ ಆ ಮಗಳಿಗೆ ಪತ್ರ ಕೊಟ್ಟೆನೇ? ಕೊಟ್ಟೆ, ಮೂರು ಪ್ರಶ್ನೆಗಳೊಡನೆ. ಆ ಮಕ್ಕಳ ಭಾಷೆಯನ್ನು ಸ್ವಲ್ಪವಾದರೂ ಕಲಿತು ಹೋಗುವೆಯಾ? ಅಲ್ಲಿನ ಶಿಕ್ಷಕಿಯ ಜಾಗದಲ್ಲಲ್ಲ, ಆಕೆಯ ಕೈಕೆಳಗೆ ನಿಲ್ಲುವೆಯಾ? ನೀನು ಹೊರಟ ಮರುದಿನ ಆ ಮಗುವಿನ ಬಳಿ ಏನು ಉಳಿದಿರುತ್ತದೆ? ಮೂರನೆಯದಕ್ಕೆ ಅವಳು ಉತ್ತರಿಸಲಿಲ್ಲ. ಪ್ರಯಾಣವನ್ನು ಮುಂದಿನ ವರ್ಷಕ್ಕೆ ಮುಂದೂಡಿ, ಈಗ ಶನಿವಾರಗಳಂದು ತಾಯಿಯ ಊರಿನ ಶಾಲೆಯಲ್ಲಿ ಮೂರನೆಯ ತರಗತಿಯ ಮಕ್ಕಳ ಪಕ್ಕ ಕುಳಿತು ಓದಿಸುತ್ತಿದ್ದಾಳೆ. ತೆಲುಗಿನಲ್ಲಿ ವಿವರಿಸಿ ಕನ್ನಡ ಓದಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ ಎನ್ನುತ್ತಾಳೆ. ಮುಂದಿನ ವರ್ಷ ಅವಳು ಹೋದರೂ ಸಂತೋಷ, ಉಳಿದರೂ ಸಂತೋಷ.

ಓದುಗರೇ, ಮಕ್ಕಳ ಸೇವಾಭಾವವನ್ನು ತಣ್ಣಗಾಗಿಸಬೇಡಿ. ಅದಕ್ಕೆ ಭಾಷೆಯನ್ನೂ ತಾಳ್ಮೆಯನ್ನೂ ಕಲಿಸಿ. ನಿಮ್ಮ ಮನೆಗೆ ಅತಿ ಸಮೀಪದ ಸರ್ಕಾರಿ ಶಾಲೆಯ ಒಂದು ಮಗುವಿನ ಹೆಸರಾದರೂ ನಿಮಗೆ ಗೊತ್ತೇ? "ಮತ್ತೆ ಯಾವಾಗ ಬರ್ತೀರಿ?" ಎಂದು ಅದು ಕೇಳಿದರೆ, "ನಾಳೆ" ಎನ್ನುವವರು ಬೇಕಾಗಿದ್ದಾರೆ.