ಜೀರ್ಣೋದ್ಧಾರವೂ ನೋಡುವವನ ಧರ್ಮವೂ

ಹಳೆಯ ಊರುಗಳನ್ನು ಹೋಗಿ ನೋಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಪೂರ್ವಿಕರು ಅದನ್ನು ಯಾತ್ರೆಯೆಂಬ ಹೆಸರಿನಿಂದ ನಡೆಸುತ್ತಿದ್ದರು. ಯಾತ್ರಿಕನಿಗೆ ಸ್ನಾನ, ಉಪವಾಸ, ದಾನವೆಂಬ ನಿಯಮಗಳಿದ್ದುವು; ಕ್ಷೇತ್ರವು ಅವನನ್ನು ಪರೀಕ್ಷಿಸುತ್ತಿತ್ತೇ ಹೊರತು ಅವನು ಕ್ಷೇತ್ರವನ್ನು ಪರೀಕ್ಷಿಸುತ್ತಿರಲಿಲ್ಲ. ಈಗಿನ ಪ್ರವಾಸಿಗೆ ಅಂತಹ ಕಟ್ಟುಪಾಡೇನೂ ಇಲ್ಲ. ಹಣ ತೆತ್ತು ಹೋದವನು ತೆತ್ತ ಹಣಕ್ಕೆ ತಕ್ಕ ನೋಟವನ್ನು ಕೇಳುತ್ತಾನೆ. ಹಾಗೆ ಕೇಳುವುದರಲ್ಲಿ ಧರ್ಮಾಧರ್ಮವಿಚಾರಕ್ಕೆ ಎಡೆಯುಂಟೇ? ಹಾಳಾದುದನ್ನು ತನ್ನ ಕಣ್ಣಿನ ಸುಖಕ್ಕಾಗಿ ಹೊಸದು ಮಾಡೆಂದು ಹೇಳುವ ಅಧಿಕಾರ ನೋಡುವವನಿಗೆ ಇದೆಯೇ?

ತುಮಕೂರು ಸೀಮೆಯ ಮನೆಗಳಿಗೆ ಈ ಪ್ರಶ್ನೆ ಈಗ ದೂರದ್ದಲ್ಲ. ಓದಿಗೂ ಉದ್ಯೋಗಕ್ಕೂ ಜರ್ಮನಿ ದೇಶಕ್ಕೆ ಹೋಗುವ ತರುಣರು ಹೆಚ್ಚುತ್ತಿದ್ದಾರೆ. ಅವರ ತಂದೆತಾಯಿಗಳು ಮೂರು ತಿಂಗಳ ಮಟ್ಟಿಗೆ ಹೋಗಿ, ಮಕ್ಕಳು ತೋರಿಸಿದ ಪಟ್ಟಣಗಳನ್ನು ನೋಡಿಕೊಂಡು ಬರುತ್ತಾರೆ. ಹಿಂದಿರುಗಿದ ಮೇಲೆ ಜಗುಲಿಯಲ್ಲಿ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ: “ಅಲ್ಲಿ ನಾನ್ನೂರು ವರ್ಷದ ಮನೆಗಳು ನಿನ್ನೆ ಬಣ್ಣ ಬಳಿದಂತಿವೆ. ಇಲ್ಲಿ ಮಧುಗಿರಿಯ ಕೋಟೆಯನ್ನು ನೋಡಿ, ಶಿರಾವನ್ನು ನೋಡಿ, ಹಾಳು ಸುರಿಯುತ್ತಿದೆ. ಅವರ ಹಾಗೆ ಕಟ್ಟಿಬಿಡಬಾರದೇಕೆ?”

ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆಗಮಗಳಲ್ಲಿ ಜೀರ್ಣೋದ್ಧಾರಕ್ಕೆಂದೇ ವಿಧಿಗಳಿವೆ. ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸುವುದೇ ದೊಡ್ಡ ಪುಣ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸೋರುವ ಗುಡಿಯನ್ನು ಸೋರಲು ಬಿಟ್ಟು ಅದರ ಪ್ರಾಚೀನತೆಯನ್ನು ಕೊಂಡಾಡುವುದು ಸೋಮಾರಿಯ ಭಕ್ತಿ. ಆದರೆ ಜರ್ಮನಿಯ ದೃಷ್ಟಾಂತವನ್ನು ಕೊಡುವವರು ಆ ದೃಷ್ಟಾಂತವನ್ನು ಪೂರ್ತಿಯಾಗಿ ನೋಡಿರುವುದಿಲ್ಲ.

ಟೌಬರ್ ನದಿಯ ಮೇಲಣ ರೋಥೆನ್‌ಬುರ್ಗ್ ಪಟ್ಟಣವನ್ನು ತೆಗೆದುಕೊಳ್ಳೋಣ. ಪ್ರವಾಸಿಗಳು ಮುಗಿಬಿದ್ದು ನೋಡುವ ಊರು ಅದು. ಸುತ್ತಲೂ ಕೋಟೆ, ಇಕ್ಕಟ್ಟಾದ ಕಲ್ಲುಹಾಸಿನ ಬೀದಿಗಳು, ಮರದ ಚೌಕಟ್ಟು ಕಾಣುವ ಗೋಡೆಗಳು. ಇವೆಲ್ಲವೂ ಮಧ್ಯಯುಗದಿಂದ ಹಾಗೆಯೇ ನಿಂತಿವೆಯೆಂದು ನೋಡಿದವರು ನಂಬುತ್ತಾರೆ. ವಸ್ತುಸ್ಥಿತಿ ಬೇರೆ. 1945ನೆಯ ಇಸವಿ ಮಾರ್ಚ್ 31ರಂದು ವಿಮಾನಗಳು ಹಾಕಿದ ಬಾಂಬುಗಳಿಂದ ಆ ಊರಿನ ಪೂರ್ವಭಾಗವು ಸುಟ್ಟುಹೋಯಿತು. ಮನೆಗಳು ನೂರುಗಟ್ಟಲೆಯಾಗಿ ನಾಶವಾದುವು. ಕೋಟೆಗೋಡೆಯ ಒಂದು ಭಾಗವೂ ಕೆಡೆಯಿತು. ಯುದ್ಧಾನಂತರ ಊರಿನವರು ಹಳೆಯ ರೂಪವನ್ನೇ ಅನುಸರಿಸಿ ಕಟ್ಟಿದರು. ನಾನಾ ದೇಶದವರು ಗೋಡೆಗಾಗಿ ಹಣ ಕೊಟ್ಟರು, ಕೊಟ್ಟವರ ಹೆಸರುಗಳನ್ನು ಆ ಗೋಡೆಯಲ್ಲಿಯೇ ಕಲ್ಲಿನ ಮೇಲೆ ಕೆತ್ತಿದ್ದಾರೆ. ನಾನ್ನೂರು ವರ್ಷದ್ದೆಂದು ಮೆಚ್ಚಿದ ಮನೆಗೆ ಎಂಬತ್ತು ವರ್ಷವೂ ಆಗಿರದಿರಬಹುದು. ಹಾಗಾದರೆ ಪ್ರವಾಸಿಯು ನೋಡಿದುದು ರೋಥೆನ್‌ಬುರ್ಗನ್ನೋ, ಅದರ ಛಾಯೆಯನ್ನೋ?

ದರ್ಶನಶಾಸ್ತ್ರದಲ್ಲಿ ಈ ತೊಡಕಿಗೆ ಪ್ರತ್ಯಭಿಜ್ಞೆಯ ವಿಚಾರವೆಂದು ಹೆಸರು. “ಸೋಽಯಂ ದೇವದತ್ತಃ”, ಅಂದರೆ ‘ಅಂದು ಕಂಡ ದೇವದತ್ತನೇ ಇವನು’ ಎಂಬುದು ಅಲ್ಲಿ ಪ್ರಸಿದ್ಧವಾದ ಉದಾಹರಣೆ. ದೇಶವೂ ಕಾಲವೂ ಬೇರೆಯಾದರೂ, ತೆಳ್ಳಗಿದ್ದವನು ದಪ್ಪಗಾದರೂ, ದೇವದತ್ತನು ಒಬ್ಬನೇ. ಈ ಅರಿವು ನಿಜವಾದುದು. ಇದಕ್ಕೆದುರಾಗಿ ದೀಪದ ಕುಡಿಯನ್ನೂ, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನೂ ಹೇಳುತ್ತಾರೆ. ಅಲ್ಲಿಯೂ ‘ಅದೇ ಇದು’ ಎಂದು ತೋರುತ್ತದೆ. ಆದರೆ ಅದು ಹೋಲಿಕೆಯಿಂದ ಹುಟ್ಟಿದ ಭ್ರಾಂತಿ ಮಾತ್ರ. ಇವೆರಡಕ್ಕೂ ಭೇದವೆಲ್ಲಿ? ದೇವದತ್ತನು ನಡುವಣ ಕಾಲದಲ್ಲೆಲ್ಲ ಇದ್ದೇ ಇದ್ದನು. ಅವನಿಗೆ ಜ್ವರ ಬಂದಿತ್ತು, ಅವನು ಸಾಲ ಮಾಡಿದನು, ಮಗನನ್ನು ಕಳೆದುಕೊಂಡನು. ಆ ನಡುವಣ ವರ್ಷಗಳ ಗುರುತು ಅವನ ಮುಖದ ಮೇಲಿದೆ. ಮತ್ತೆ ಬೆಳೆದ ಕೂದಲಿಗೆ ನಡುವಣ ಕಾಲವೆಂಬುದೇ ಇಲ್ಲ.

ಊರುಗಳಿಗೂ ಈ ಒರೆಗಲ್ಲು ಸಲ್ಲುತ್ತದೆ. ಡ್ರೆಸ್ಡೆನ್ ನಗರದಲ್ಲಿ ಗಿಯೋರ್ಗ್ ಬೇರ್ ಎಂಬ ಶಿಲ್ಪಿಯ ಯೋಜನೆಯಂತೆ 1726ರಿಂದ 1743ರವರೆಗೆ ಕಟ್ಟಿದ ಫ್ರೌವೆನ್‌ಕಿರ್ಖೆ ಎಂಬ ದೊಡ್ಡ ಗುಂಬಜಿನ ಇಗರ್ಜಿಯಿದೆ. 1945ರ ಫೆಬ್ರವರಿ 13ರ ರಾತ್ರಿ ಮೊದಲಾದ ಬಾಂಬುಮಳೆಯಲ್ಲಿ ನಗರವು ಉರಿದು, 15ರಂದು ಆ ಗುಂಬಜು ಕುಸಿಯಿತು. ಸುಮಾರು ಅರ್ಧ ಶತಮಾನ ಅಲ್ಲಿ ಕಲ್ಲುರಾಶಿಯೇ ಇದ್ದಿತು. 1994ರಲ್ಲಿ ಮತ್ತೆ ಕಟ್ಟಲು ತೊಡಗಿದಾಗ ಆ ರಾಶಿಯಿಂದ ಆಯ್ದ ಸಾವಿರಾರು ಹಳೆಯ ಕಲ್ಲುಗಳನ್ನು ಗೋಡೆಯಲ್ಲಿ ಮರಳಿ ಕೂಡಿಸಿದರು. 2005ರ ಅಕ್ಟೋಬರ್ 30ರಂದು ಪ್ರತಿಷ್ಠೆಯಾದ ಆ ಕಟ್ಟಡದಲ್ಲಿ ಹೊಸ ಕಲ್ಲು ನಸುಹಳದಿ, ಹಳೆಯ ಕಲ್ಲು ಕಪ್ಪು. ದೂರದಿಂದಲೇ ಮೈಮೇಲಣ ಮಚ್ಚೆಗಳಂತೆ ಕಾಣುತ್ತವೆ. ಶಿಖರದ ಮೇಲಣ ಹೊಸ ಶಿಲುಬೆಯನ್ನು ಮಾಡಿದವರಲ್ಲಿ ಒಬ್ಬ ಇಂಗ್ಲಿಷ್ ಅಕ್ಕಸಾಲೆಯಿದ್ದನು. ಆತನ ತಂದೆಯು ಆ ನಗರದ ಮೇಲೆ ಬಾಂಬು ಹಾಕಲು ಹೋದ ವೈಮಾನಿಕರಲ್ಲಿ ಒಬ್ಬನು. ಇಲ್ಲಿ ಜೀರ್ಣೋದ್ಧಾರವು ಗಾಯವನ್ನು ಮುಚ್ಚಲಿಲ್ಲ. ಇದು ದೇವದತ್ತನ ಪಕ್ಷ.

ಇದಕ್ಕೆ ವಿರುದ್ಧವಾದುದು ಫ್ರಾಂಕ್‌ಫುರ್ಟಿನ ‘ಹೊಸ ಹಳೇಪೇಟೆ’. ಹೆಸರಿನಲ್ಲಿಯೇ ವಿರೋಧಾಭಾಸಾಲಂಕಾರವಿದೆ! 1944ರಲ್ಲಿ ನಾಶವಾದ ಪೇಟೆಯ ಒಂದು ಭಾಗದಲ್ಲಿ, ನಡುವೆ ಎದ್ದಿದ್ದ ಕಾಂಕ್ರೀಟಿನ ಕಚೇರಿಯನ್ನು ಕೆಡವಿ, 35 ಮನೆಗಳನ್ನು 2018ರ ಹೊತ್ತಿಗೆ ಕಟ್ಟಿ ಮುಗಿಸಿದರು. ಅವುಗಳಲ್ಲಿ 15 ಹಿಂದಿನ ಮನೆಗಳ ಪ್ರತಿರೂಪಗಳು. ಸುಂದರವಾಗಿಯೇ ಇವೆ. ಆದರೆ ನಡುವಣ ಎಪ್ಪತ್ತು ವರ್ಷ ಎಲ್ಲಿ ಹೋಯಿತೆಂದು ಆ ನಗರದವರೇ ಬಿರುಸಾಗಿ ವಾದಿಸಿದರು.

ಮೂರನೆಯ ದಾರಿಯೊಂದಿದೆ. ಫ್ರೆಂಚರ ದಂಡು 1689ರಲ್ಲಿಯೂ 1693ರಲ್ಲಿಯೂ ಹಾಳುಮಾಡಿದ, 1764ರಲ್ಲಿ ಸಿಡಿಲು ಹೊಡೆದ ಹೈಡೆಲ್‌ಬೆರ್ಗಿನ ಅರಮನೆಯನ್ನು ಪೂರ್ತಿಯಾಗಿ ಕಟ್ಟಿಬಿಡಬೇಕೆಂದು ಸುಮಾರು 1900ರಲ್ಲಿ ದೊಡ್ಡ ಚರ್ಚೆಯಾಯಿತು. ಗಿಯೋರ್ಗ್ ಡೇಹಿಯೋ ಎಂಬ ವಿದ್ವಾಂಸನು, ಉಳಿದುದನ್ನು ಕಾಪಾಡಬೇಕು, ಇಲ್ಲದುದನ್ನು ಕಲ್ಪಿಸಬಾರದು ಎಂಬ ಪಕ್ಷವನ್ನು ಹಿಡಿದನು. ಮುರಿದ ಭಾಗವು ಮುರಿದಂತೆಯೇ ನಿಂತಿತು. ಜನ ಇಂದಿಗೂ ಅದನ್ನೇ ನೋಡಲು ಬರುತ್ತಾರೆ. (ಅಲ್ಲಿಯವರೆಗೆ ಹೋದ ಕನ್ನಡಿಗರು ಟ್ಯೂಬಿಂಗೆನ್ನಿಗೂ ಹೋಗಿಬರಬಹುದು. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರು 1903ರಲ್ಲಿ ಕಾಲವಾದುದು ಆ ಊರಿನಲ್ಲಿ. ಅದನ್ನು ನೋಡಿಬಂದೆವೆಂಬ ಮಾತು ಜಗುಲಿಯಲ್ಲಿ ಅಪರೂಪ.)

ಇನ್ನು ಸ್ವಂತ ಸೀಮೆಗೆ ಬರೋಣ. ಶಿರಾ ನಗರವು ಮೊಗಲರ ಸುಭೆಯ ರಾಜಧಾನಿಯಾಗಿದ್ದು, ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಪ್ರತೀತಿ. ಆತನ ಅರಮನೆಯೇ ಬೆಂಗಳೂರಿನಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಹೈದರನೂ ಟೀಪುವೂ ಕಟ್ಟಿಸಿದ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳುತ್ತಾರೆ. ಮಾದರಿಯು ಅಳಿಯಿತು, ಅನುಕರಣವು ಬೆಂಗಳೂರಿನಲ್ಲಿ ಉಳಿಯಿತು. ಟೀಪುವು ತನ್ನ ಹೊಸ ಪೇಟೆಯಾದ ಗಂಜಾಮನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಈಗ ಶಿರಾದಲ್ಲಿ ಆ ಅರಮನೆಯನ್ನು ಹೊಸದಾಗಿ ಎಬ್ಬಿಸಿದರೆ ಬೆಂಗಳೂರಿನ ಪ್ರತಿಯನ್ನು ನೋಡಿ ಮಾಡಿದ ಪ್ರತಿಯಾದೀತು. ಆ ಕುಟುಂಬಗಳು ಗಾಡಿಯ ಮೇಲೆ ಸಾಮಾನು ಹೇರಿಕೊಂಡು ಹೊರಟ ಬೀದಿಯ ಬರಿದುತನವು ಅದರಲ್ಲಿ ಎಲ್ಲಿ ಕಂಡೀತು?

ಮಧುಗಿರಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಪಾಳೆಯಗಾರರ ಮಣ್ಣಿನ ಕೋಟೆಯು ಹೈದರ್ ಆಲಿಯಿಂದ ಬಲಗೊಂಡಿತು. 1763ರಲ್ಲಿ ಬಿದನೂರನ್ನು ಹಿಡಿದ ಮೇಲೆ ಆತನು ಅಲ್ಲಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ತಂದು ಸೆರೆಯಿಟ್ಟುದು ಈ ಬೆಟ್ಟದಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ತೆಗೆದುಕೊಂಡಾಗ ಅವರಿಗೆ ಬಿಡುಗಡೆಯಾಯಿತು. ಮಲೆನಾಡಿನ ಮಳೆಯಲ್ಲಿ ಬೆಳೆದ ಹೆಂಗಸು ಈ ಕಾದ ಬಂಡೆಯ ಮೇಲೆ ಕಳೆದ ಬೇಸಗೆಗಳನ್ನು ನೆನೆಯದೆ ಕೋಟೆಯನ್ನು ನೋಡಿದೆನೆನ್ನುವುದು ಸರಿಯೇ? ಮಧ್ಯಾಹ್ನದ ಹೊತ್ತಿಗೆ ಏದುಸಿರು ಬಿಡುತ್ತ ಹತ್ತಿದವನು ಗೋಡೆಯ ಮೇಲೆ ತನ್ನ ಹೆಸರನ್ನು ಕೊರೆದು, ಬಿಸ್ಕತ್ತಿನ ಕಾಗದವನ್ನು ದೊಣೆಗೆ ಎಸೆದು, ಚಿತ್ರ ತೆಗೆಸಿಕೊಂಡು ಇಳಿಯುತ್ತಾನೆ. ಅವನಿಗೆ ಬುರುಜುಗಳು ಹೊಸದಾಗಿದ್ದರೆ ಚಿತ್ರ ಇನ್ನೂ ಚೆನ್ನಾಗಿ ಬಂದೀತು.

ಪರರ ದುಃಖವನ್ನು ನೋಡಿ ಸುಖಪಡುವುದು ನಾಟಕದಲ್ಲಿಯೂ ಉಂಟಷ್ಟೆ, ಅದು ಕರುಣರಸವಲ್ಲವೇ ಎಂದು ಆಲಂಕಾರಿಕರ ಬೆಂಬಲವನ್ನು ಕೆಲವರು ಕೇಳಬಹುದು. ಆ ಬೆಂಬಲ ಇಲ್ಲಿ ದೊರೆಯದು. ರಂಗದ ಮೇಲಣ ದುಃಖವು ಇಂತಹವನದೆಂಬ ಸಂಬಂಧವನ್ನು ಕಳೆದುಕೊಂಡು ಎಲ್ಲರದೂ ಆಗುವುದರಿಂದಲೇ ರಸವಾಗುತ್ತದೆ. ವೀರಮ್ಮಾಜಿಯ ಸೆರೆ ವೀರಮ್ಮಾಜಿಯದೇ. ಮಿಡಿಗೇಶಿಯ ಬೆಟ್ಟವೂ ಹಾಗೆಯೇ: ಪಾದದವರೆಗೆ ಕೂದಲಿದ್ದ, ಗಂಡನೊಡನೆ ಚಿತೆಯೇರಿದ ಹೆಂಗಸಿನ ಹೆಸರು ಆ ಊರಿಗೆ ಬಂದಿದೆಯೆಂಬ ಐತಿಹ್ಯವಿದೆ, ಆ ಬೆಟ್ಟವನ್ನು ರಮಣೀಯವೆಂದಷ್ಟೇ ಹೇಳಿ ಹೋಗುವುದಕ್ಕೆ ನಾಲಗೆ ಸ್ವಲ್ಪ ತಡವರಿಸಬೇಕು. ಜರ್ಮನರು ನ್ಯೂರೆಂಬೆರ್ಗಿನಲ್ಲಿ ತಮಗೆ ನಾಚಿಕೆ ತರುವ ನಾಜಿಗಳ ಸಭಾಂಗಣವನ್ನೂ ಕೆಡವದೆ ಉಳಿಸಿಕೊಂಡು, 2001ರಲ್ಲಿ ಅಲ್ಲಿಯೇ ಆ ಕಾಲದ ವೃತ್ತಾಂತವನ್ನು ವಿವರಿಸುವ ಸಂಗ್ರಹಾಲಯವನ್ನು ತೆರೆದರು. ಜಗುಲಿಯ ದೃಷ್ಟಾಂತದಲ್ಲಿ ಇದೂ ಸೇರಬೇಕಾಗಿತ್ತು.

ಆದುದರಿಂದ ಮಧುಗಿರಿಯಲ್ಲಿ ಬೀಳುವ ಕಲ್ಲನ್ನು ತಡೆಯಬೇಕು, ದೊಣೆಗಳ ಹೂಳನ್ನು ಎತ್ತಬೇಕು, ಜಾರುವ ಕಡೆ ಹಿಡಿಯಲು ಕಂಬಿಯಿರಬೇಕು. ಇವೆಲ್ಲ ನಿಜವಾದ ಜೀರ್ಣೋದ್ಧಾರ. ರಾಣಿಯ ವೃತ್ತಾಂತವು ಹತ್ತುವವನ ಕಣ್ಣಿಗೆ ಬೀಳುವಂತೆ ಕನ್ನಡದಲ್ಲಿ ನಾಲ್ಕು ಸಾಲು ಇರಬೇಕು. ಹೊಸ ಬುರುಜು ಬೇಡ.

ಕೋಟೆಯೂ ಇಲ್ಲದ, ಪ್ರವಾಸಿಯೂ ಬಾರದ ಊರುಗಳ ಮಾತೇನು? ಅದೇ ತಾಲ್ಲೂಕಿನಲ್ಲಿ, ಆಂಧ್ರದ ಮಡಕಶಿರಾ ಸೀಮೆಯ ಸಮೀಪದಲ್ಲಿ, ಐ.ಡಿ.ಹಳ್ಳಿಯೆಂಬ ಹೋಬಳಿ ಗ್ರಾಮವಿದೆ. ಬಸ್ಸಿನ ಹಲಗೆಯ ಮೇಲೆ ಕಾಣುವುದು ಆ ಎರಡು ಇಂಗ್ಲಿಷ್ ಅಕ್ಷರ. ಪೂರ್ಣವಾದ ಹೆಸರು ಇಟಕದಿಬ್ಬನಹಳ್ಳಿ. ತೆಲುಗಿನ ಇಟುಕವೇ ಕನ್ನಡದ ಇಟ್ಟಿಗೆ: ಇಟ್ಟಿಗೆಯ ದಿಬ್ಬವಿದ್ದ ಹಳ್ಳಿ. ರೋಥೆನ್‌ಬುರ್ಗ್ ಎಂಬುದಕ್ಕೂ ಕೆಂಪು ಕೋಟೆಯೆಂದು ಅರ್ಥ ಹೇಳುತ್ತಾರೆ. ಅಲ್ಲಿದ್ದ ಚಕ್ರವರ್ತಿಗಳ ಕೋಟೆಮನೆಯು 1356ರ ಭೂಕಂಪದಲ್ಲಿ ಬಿದ್ದುಹೋಗಿ, ಆ ಸ್ಥಳದಲ್ಲಿ ಈಗ ತೋಟವಿದೆ. ಹೆಸರನ್ನು ಮಾತ್ರ ಊರಿನವರು ಮೊಟಕುಮಾಡಲಿಲ್ಲ. ಆ ತೋಟದ ಬೆಂಚಿನ ಮೇಲೆ ಕುಳಿತ ಮಧುಗಿರಿ ಕಡೆಯ ಅಜ್ಜನನ್ನು, ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳು “ನಿಮ್ಮ ಊರಿನ ಹೆಸರಿಗೆ ಏನರ್ಥ, ತಾತ?” ಎಂದು ಕೇಳಿದರೆ, ಅವನು ಎರಡಕ್ಷರದಲ್ಲಿ ಮುಗಿಸದೆ ಹೆಸರನ್ನು ಪೂರ್ತಿಯಾಗಿ ಬಿಡಿಸಿ ಹೇಳಬಹುದು.