ಎಚ್ಚರ ತಪ್ಪಿದವನ ನಿಕ್ಷೇಪ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರಕ್ಕೆ ಸಮೀಪವಾಗಿ, ಎರಡು ದೊಡ್ಡ ಆಸ್ಪತ್ರೆಗಳು ನೆರೆಹೊರೆಯಾಗಿವೆ. ನರರೋಗ ಮನೋರೋಗಗಳಿಗೆ ಮೀಸಲಾದ ನಿಮ್ಹಾನ್ಸ್ ಒಂದು. ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇನ್ನೊಂದು. ಕ್ಷಯವೆಂದರೆ ಎದೆಯ ರೋಗವೆಂದೇ ಸಾಮಾನ್ಯ ಜನರ ಎಣಿಕೆ. ಆದರೆ ಕ್ಷಯದ ಕ್ರಿಮಿಯು ರಕ್ತದೊಡನೆ ಹರಿದು ಮಿದುಳಿನ ಪೊರೆಯನ್ನು ಸೇರುವುದೂ ಉಂಟು. ಮೊದಲು ದಿನಗಟ್ಟಲೆ ಜ್ವರ, ತಲೆನೋವು, ವಾಂತಿ. ಬಳಿಕ ಕತ್ತಿನ ಬಿಗಿತ, ಬುದ್ಧಿಯ ಮಂಕು. ಕಡೆಗೆ ಎಚ್ಚರ ತಪ್ಪುವುದು. 1944ರಲ್ಲಿ ಸ್ಟ್ರೆಪ್ಟೊಮೈಸಿನ್ ಪ್ರಕಟವಾಗುವುದಕ್ಕೆ ಮುಂಚೆ ಇದರಿಂದ ಬದುಕಿ ಉಳಿದವರು ಅತಿ ವಿರಳ. ಈಗ ಔಷಧಗಳಿವೆ, ಆದರೆ ತಡವಾದರೆ ಅವೂ ಸೋಲುತ್ತವೆ.

ಎಚ್.ಐ.ವಿ. ಸೋಂಕು ದೇಹದ ಕಾವಲನ್ನು ಕುಂದಿಸಿ ಈ ರೋಗಕ್ಕೆ ದಾರಿಮಾಡಿಕೊಡುತ್ತದೆ. 1989ರಿಂದ 1996ರವರೆಗೆ ಬೆಂಗಳೂರಿನಲ್ಲಿ ಕಂಡ ಎಚ್.ಐ.ವಿ. ಸಂಬಂಧವಾದ ನರರೋಗಗಳನ್ನು ನಿಮ್ಹಾನ್ಸಿನ ವೈದ್ಯರು ಬರೆದಿಟ್ಟಿದ್ದಾರೆ. ಸೋಂಕು ಉಳ್ಳವನನ್ನೂ ಇಲ್ಲದವನನ್ನೂ ಹಾಸಿಗೆಯ ಬಳಿ ನಿಂತು ನೋಡಿದ ಮಾತ್ರಕ್ಕೆ ಬೇರ್ಪಡಿಸಲಾಗದು, ರಕ್ತಪರೀಕ್ಷೆಯೇ ಆಗಬೇಕು. ಆ ತಿಳಿವಳಿಕೆ ಚಿಕಿತ್ಸೆಗೆ ಅವಶ್ಯವಾದುದು. ಡೆಕ್ಸಾಮೆಥಸೋನ್ ಎಂಬ ಔಷಧವು ಸಾವನ್ನು ತಗ್ಗಿಸಿತೆಂದು ವಿಯೆಟ್ನಾಮಿನಲ್ಲಿ 545 ರೋಗಿಗಳ ಪರೀಕ್ಷೆಯಿಂದ 2004ರಲ್ಲಿ ತಿಳಿದುಬಂತು, ಎಚ್.ಐ.ವಿ. ಉಳ್ಳ 520 ಮಂದಿಯ ವಿಷಯದಲ್ಲಿ ಅಂಥ ನಿಶ್ಚಿತ ಪ್ರಯೋಜನ ಕಾಣಲಿಲ್ಲವೆಂದು 2023ರಲ್ಲಿ ಪ್ರಕಟವಾಯಿತು. ಎಚ್.ಐ.ವಿ.ಯ ಔಷಧವನ್ನು ಕೂಡ ಇಲ್ಲಿ ಒಡನೆಯೇ ಕೊಡದೆ ಕೆಲವು ವಾರ ತಡೆಯುವುದು ರೂಢಿ. ಏಕೆಂದರೆ ಮರಳಿ ಚೇತರಿಸಿಕೊಂಡ ದೇಹಶಕ್ತಿಯೇ ಮಿದುಳಿನಲ್ಲಿ ಉರಿಯೂತವನ್ನು ಹೆಚ್ಚಿಸಬಹುದು.

ಧರ್ಮಸಂಕಟ ಹುಟ್ಟುವುದು ಇಲ್ಲಿ. ರೋಗಿಗೆ ಮಾತಿಲ್ಲ. 2017ರ ಎಚ್.ಐ.ವಿ. ಶಾಸನವು ಪರೀಕ್ಷೆಗೆ ಸಮ್ಮತಿ ಬೇಕೆನ್ನುತ್ತದೆ. ಅವನ ಪ್ರತಿನಿಧಿಯ ಸಮ್ಮತಿಯೂ ಸಲ್ಲುತ್ತದೆ. ತಾಯಿಯೋ ಹೆಂಡತಿಯೋ ಅಣ್ಣನೋ ರುಜು ಹಾಕುತ್ತಾರೆ. ಫಲಿತಾಂಶ ಬಂತು. ಅದು ಯಾರ ಸೊತ್ತು?

“ಒಡವೆ ಮಾರಿ, ನಿದ್ದೆಗೆಟ್ಟು ಕಾಯುತ್ತಿರುವವರು ನಾವು, ನಮಗೆ ತಿಳಿಯಬಾರದೆ?” ಎಂದು ಬಂಧುಗಳು ಕೇಳಿದರೆ ಆ ಮಾತನ್ನು ಹಗುರವಾಗಿ ತಳ್ಳಿಹಾಕಕೂಡದು. ಆದರೂ ನಮ್ಮ ಹಿರಿಯರ ಒಂದು ವಿಚಾರ ಇಲ್ಲಿ ನೆನೆಯತಕ್ಕದ್ದು. ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವನ್ನು ಒಂದಾಗಿ ಎಣಿಸಿದೆ. ನಂಬಿ ಇಟ್ಟ ವಸ್ತುವನ್ನು, ಇಟ್ಟವನು ಬದುಕಿರುವಾಗ, ಅವನ ಹತ್ತಿರದ ಬಂಧುವಿಗೂ ಒಪ್ಪಿಸಬಾರದೆಂಬುದು ಅಲ್ಲಿನ ವಿಧಿ. ಒಡವೆಗೆ ಹೇಳಿದ ಈ ನ್ಯಾಯವು ಮಾನಕ್ಕೆ ಇನ್ನೂ ಹೆಚ್ಚಾಗಿ ಸಲ್ಲಬೇಕಲ್ಲವೆ? ಕಳೆದ ಒಡವೆಯನ್ನು ಹಿಂದಕ್ಕೆ ತರಬಹುದು. ಆಡಿದ ಮಾತನ್ನು ತರಲಾಗದು. ಆದಕಾರಣ, ರುಜು ಹಾಕಿದವರಿಗೆ ಚಿಕಿತ್ಸೆಯ ನಿಶ್ಚಯಕ್ಕಾಗಿ ಎಷ್ಟು ಬೇಕೋ ಅಷ್ಟನ್ನು ಹೇಳಬಹುದು. ಆದರೆ ಅವರೂ ಒಡೆಯರಲ್ಲ, ಮತ್ತೊಬ್ಬ ನಿಕ್ಷೇಪಧಾರಿಗಳು.

ಹಾಗಾದರೆ ಹೆಂಡತಿಯ ಗತಿಯೇನು? ಇದು ಬಲವಾದ ಆಕ್ಷೇಪ. ಸಂಗಾತಿಗೆ ತಿಳಿಸಲು ಶಾಸನವು ವೈದ್ಯನಿಗೆ ಅವಕಾಶವಿತ್ತಿದೆ. ಆದರೆ ಮೊದಲು ರೋಗಿಗೆ ಬುದ್ಧಿ ಹೇಳಬೇಕು, ತನ್ನ ಉದ್ದೇಶವನ್ನು ಅವನಿಗೆ ಅರುಹಬೇಕು. ಎಚ್ಚರವಿಲ್ಲದವನಲ್ಲಿ ಈ ಮೆಟ್ಟಿಲುಗಳನ್ನು ಏರುವುದು ಹೇಗೆ? ಇತ್ತ 2004ರಿಂದ ಸರ್ಕಾರವು ಎಚ್.ಐ.ವಿ.ಯ ಔಷಧವನ್ನು ಉಚಿತವಾಗಿ ಕೊಡುತ್ತಿರುವುದರಿಂದ, ಅವಳಿಗೆ ಆ ತಿಳಿವಳಿಕೆ ಪ್ರಾಣವೇ ಆಗಬಹುದು. ಗಂಟಿನಲ್ಲಿ ಕಟ್ಟಿಟ್ಟದ್ದು ಕೆಂಡವಾದರೆ ಪಕ್ಕದಲ್ಲಿರುವವರನ್ನು ಎಬ್ಬಿಸದಿರುವುದು ನಂಬಿಕೆಯ ರಕ್ಷಣೆಯಲ್ಲ. ಆದುದರಿಂದ ರುಜುವಿಗೆ ಯಾರನ್ನು ಕರೆಯಬೇಕೆಂಬಲ್ಲಿಯೇ ವಿವೇಕವು ಮೊದಲಾಗಬೇಕು. ಆ ತಿಳಿವಳಿಕೆಯಿಂದ ಯಾರ ಪ್ರಾಣಕ್ಕೆ ಹಿತವುಂಟೋ ಅವರನ್ನು ಬಿಟ್ಟು, ಮನೆಯ ಹಿರಿಯನೆಂಬ ಮಾತ್ರಕ್ಕೆ ಅಣ್ಣನನ್ನು ಕರೆಯುವುದು ನ್ಯಾಯವಲ್ಲ.

ಇನ್ನೊಂದು ಸೂಕ್ಷ್ಮವುಂಟು. ಸೋಂಕಿಲ್ಲದ ರೋಗಿಯ ಕಡೆಯವರಿಗೆ, “ಹೆದರಬೇಡಿ, ಅದೇನೂ ಇಲ್ಲ” ಎಂದು ವಾರ್ಡಿನಲ್ಲಿ ನಾಲ್ವರಿಗೆ ಕೇಳುವಂತೆ ಹೇಳುವುದು ಸದುದ್ದೇಶದ ಮಾತೇ ಸರಿ. ಆದರೆ ಪಕ್ಕದ ಹಾಸಿಗೆಯ ಬಳಿ ಅದೇ ವೈದ್ಯನು ಸುಮ್ಮನಾದರೆ, ಆ ಮೌನವೇ ಅಲ್ಲಿ ಡಂಗುರವಾಗುತ್ತದೆ. ಒಬ್ಬನ ನಿರ್ದೋಷವನ್ನು ಸಾರಿದ ಬಾಯಿ ಇನ್ನೊಬ್ಬನ ಗುಟ್ಟನ್ನು ತಾನಾಗಿ ಬಯಲುಮಾಡುತ್ತದೆ. ಆದುದರಿಂದ ಗುಟ್ಟು ಉಳ್ಳವನಿಗೆ ರಕ್ಷೆ ಬೇಕಾದರೆ, ಗುಟ್ಟು ಇಲ್ಲದವನ ವಿಷಯದಲ್ಲಿಯೂ ಅಷ್ಟೇ ಗೌಪ್ಯ ನಡೆಯಬೇಕು. ಇಬ್ಬರೂ ಎಚ್ಚೆತ್ತಾಗ ತಂತಮ್ಮ ಗಂಟನ್ನು ಬಿಚ್ಚದ ಹಾಗೆಯೇ ಹಿಂದಕ್ಕೆ ಪಡೆಯಲಿ.