ಮೀಟರ್ ಸಾಕ್ಷಿಯೋ, ಬರೀ ಗುರುತೋ?

ಬ್ರಿಟನ್ನಿನಲ್ಲಿ ಹಳೆಯ ಡೆಲಿವರಿ ವ್ಯಾನ್ ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿ ಅದನ್ನೇ ಓಡಾಡುವ ಮನೆ, ಅಂದರೆ ಕ್ಯಾಂಪರ್, ಮಾಡಿಕೊಳ್ಳುವವರು ಸಾಕಷ್ಟಿದ್ದಾರೆ. ಅವರು ಮೊದಲು ಕೇಳುವುದು ನಮ್ಮ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಕೇಳುವ ಪ್ರಶ್ನೆಯನ್ನೇ: ಗಾಡಿ ಎಷ್ಟು ಓಡಿದೆ? ಮಾರುವವನು ಕೀಲಿ ತಿರುಗಿಸಿ ಮೀಟರ್ ತೋರಿಸುತ್ತಾನೆ. 60,000 ಮೈಲಿ ಎಂದಿದ್ದರೆ ಕೊಳ್ಳುವವರ ಮುಖ ಅರಳುತ್ತದೆ, 1,60,000 ಎಂದಿದ್ದರೆ ಬಾಡುತ್ತದೆ. ಆ ಒಂದು ಕ್ಷಣದಲ್ಲಿ ಅವರು ಎರಡು ಸಂಗತಿಗಳನ್ನು ವಿಚಾರಿಸದೆ ಒಪ್ಪಿಕೊಂಡಿರುತ್ತಾರೆ. ಮೀಟರ್ ನಿಜ ಹೇಳುತ್ತಿದೆ ಎಂಬುದು ಒಂದು. ಹೆಚ್ಚು ಓಡಿದ್ದು ಹೆಚ್ಚು ಸವೆದಿದೆ ಎಂಬುದು ಇನ್ನೊಂದು. ಒಂದು ತಿಳಿವಳಿಕೆಯನ್ನು ಯಾವ ಆಧಾರದ ಮೇಲೆ ನಂಬಬೇಕು ಎಂದು ಭಾರತದ ತಾರ್ಕಿಕರು ಶತಮಾನಗಳ ಕಾಲ ವಾದಿಸಿದ್ದು ಇಂಥ ಕ್ಷಣಗಳ ಬಗ್ಗೆಯೇ.

ಮೀಟರಿಗೆ ಏನು ಗೊತ್ತಿದೆ ಎಂಬಲ್ಲಿಂದಲೇ ಶುರು ಮಾಡಬಹುದು. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ದೂರ ಅಳೆಯುವ ಬಂಡಿಯೊಂದನ್ನು ವಿವರಿಸಿದ್ದಾನೆ. ನಾಲ್ಕಡಿ ವ್ಯಾಸದ ಚಕ್ರ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುತ್ತದೆ ಎಂಬುದು ಅವನ ಲೆಕ್ಕ. 400 ಸುತ್ತು ಮುಗಿದರೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಆಗ ಒಂದು ಕಲ್ಲು ಕಂಚಿನ ಪಾತ್ರೆಗೆ ಬೀಳುತ್ತದೆ. ಸಂಜೆ ಕಲ್ಲುಗಳನ್ನು ಎಣಿಸಿದರೆ ದಿನದ ದಾರಿ ತಿಳಿಯುತ್ತದೆ. ಇಂದಿನ ಮೀಟರ್ ಮಾಡುವುದೂ ಮೂಲತಃ ಇಷ್ಟೇ: ಸುತ್ತು ಎಣಿಸುವುದು. ಗಾಡಿ ಹೊತ್ತ ಭಾರ, ಹತ್ತಿದ ಘಾಟಿ, ಎಣ್ಣೆ ಬದಲಾಯಿಸದೆ ಕಳೆದ ವರ್ಷಗಳು, ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ.

ಎಣಿಕೆಯಲ್ಲೂ ಅದು ತಪ್ಪಬಹುದು, ಯಾರೂ ಮೋಸ ಮಾಡದೆಯೇ. 1950ರಲ್ಲಿ ತಯಾರಿಕೆ ಶುರುವಾದ ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್ ಪ್ರಿಯರ ಅಚ್ಚುಮೆಚ್ಚಿನ ವ್ಯಾನ್. ಅದರ ಹಳೆಯ ಮಾದರಿಗಳ ಮೀಟರಿನಲ್ಲಿ ಇದ್ದದ್ದು ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ಅಂಥ ವ್ಯಾನಿನಲ್ಲಿ 40,000 ಎಂದು ಕಂಡರೆ ಅದು 1,40,000 ಇರಬಹುದು, 2,40,000 ಕೂಡ ಇರಬಹುದು. ಯುರೋಪಿನ ಮುಖ್ಯಭೂಮಿಯಿಂದ ಬ್ರಿಟನ್ನಿಗೆ ಬಂದ ಗಾಡಿಗಳಲ್ಲಿ ಮತ್ತೊಂದು ಗೊಂದಲವಿದೆ. ಒಂದು ಲಕ್ಷ ಕಿಲೋಮೀಟರ್ ಎಂದರೆ ಸುಮಾರು 62,000 ಮೈಲಿ. ಕಿಲೋಮೀಟರಿನ ಅಂಕಿಯನ್ನು ಮೈಲಿ ಎಂದು ಓದಿದವರು ಗಾಡಿ ಓಡದ ದಾರಿಯನ್ನೂ ಅದರ ಲೆಕ್ಕಕ್ಕೆ ಬರೆದಂತಾಯಿತು.

ಹಾಗಾದರೆ ಯಾರ ಮಾತನ್ನು ನಂಬಬೇಕು? ನ್ಯಾಯ ಎಂಬ ತರ್ಕಪರಂಪರೆಯ ಮೂಲ ಗ್ರಂಥವಾದ ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ನಂಬಲರ್ಹನಾದ ವ್ಯಕ್ತಿಯನ್ನು, ಆಪ್ತನನ್ನು, ಗುರುತಿಸಲು ಮೂರು ಲಕ್ಷಣ ಕೊಡುತ್ತಾನೆ. ಅವನು ವಿಷಯವನ್ನು ನೇರವಾಗಿ ಕಂಡಿರಬೇಕು. ಅವನಿಗೆ ಜೀವಿಗಳ ಮೇಲೆ ದಯೆ ಇರಬೇಕು. ಕಂಡದ್ದನ್ನು ಕಂಡ ಹಾಗೆ ತಿಳಿಸುವ ಇಚ್ಛೆ ಇರಬೇಕು. ಈ ಮೂರು ಇದ್ದರೆ ಅವನು ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಮಾತು ಪ್ರಮಾಣ, ಅಂದರೆ ಸರಿಯಾದ ಜ್ಞಾನಕ್ಕೆ ಆಧಾರ, ಆಗುತ್ತದೆ ಎಂದು ಭಾಷ್ಯಕಾರ ಬಿಡಿಸಿ ಹೇಳಿದ್ದಾನೆ. ಹುಟ್ಟು, ಸ್ಥಾನ ಯಾವುದನ್ನೂ ಕೇಳದ ಈ ವಿವರಣೆ ಗ್ಯಾರೇಜಿಗೂ ಸಲ್ಲುತ್ತದೆ. ಹತ್ತು ವರ್ಷ ಅದೇ ಗಾಡಿಯ ಕೆಳಗೆ ಮಲಗಿ ನಟ್ಟು ಬಿಗಿದ ಮೆಕ್ಯಾನಿಕ್ ಆಪ್ತನಾಗಬಹುದು. ಹಿಂದಿನ ಮಾಲೀಕಳೂ ಆಗಬಹುದು, ಅವಳು ಗೇರ್‌ಬಾಕ್ಸಿನ ಸದ್ದನ್ನು ತಾನೇ ಬಾಯಿಬಿಟ್ಟು ಹೇಳಿದರೆ. ಮೀಟರ್ ಮಾತ್ರ ಆಗಲಾರದು. ಅದಕ್ಕೆ ದಯೆಯೂ ಇಲ್ಲ, ತಿಳಿಸುವ ಇಚ್ಛೆಯೂ ಇಲ್ಲ.

ಹಾಗಾದರೆ ಅದು ಸಾಕ್ಷಿಯಲ್ಲ, ಲಿಂಗ. ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಲು ಆಧಾರವಾಗುವ ಗುರುತು, ಬೆಂಕಿಗೆ ಹೊಗೆಯ ಹಾಗೆ. ಈ ವ್ಯತ್ಯಾಸದಿಂದ ಕೊಳ್ಳುವವರ ಕೆಲಸವೇ ಬದಲಾಗುತ್ತದೆ. ಆಪ್ತನ ಮಾತನ್ನು ಕೇಳಿ ಒಪ್ಪಬಹುದು. ಗುರುತಿನಿಂದ ಮಾತ್ರ ತೀರ್ಮಾನ ತಾನಾಗಿ ಬರುವುದಿಲ್ಲ. ಗುರುತಿಗೂ ವಸ್ತುವಿಗೂ ಇರುವ ಸಂಬಂಧ ತಪ್ಪದೇ ಇರುವಂಥದ್ದೇ ಎಂದು ನೋಡಬೇಕು.

ಇಲ್ಲಿ ನೈಯಾಯಿಕರು, ಅಂದರೆ ನ್ಯಾಯ ಪರಂಪರೆಯ ತಾರ್ಕಿಕರು, ಉಪಾಧಿ ಎಂದು ಕರೆದ ತೊಡಕು ಎದುರಾಗುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎಂಬುದು ತಪ್ಪು, ಏಕೆಂದರೆ ಹೊಗೆ ಬರಲು ಸೌದೆ ಹಸಿಯಾಗಿರಬೇಕು. ಹೇಳದೆ ಉಳಿದ ಆ ಹಸಿತನವೇ ಉಪಾಧಿ. ‘ಹೆಚ್ಚು ಓಡಿದೆ, ಆದ್ದರಿಂದ ಸವೆದಿದೆ’ ಎಂಬ ತರ್ಕದಲ್ಲೂ ಹೇಳದೆ ಉಳಿದ ಒಂದು ಷರತ್ತಿದೆ: ನೋಡಿಕೊಳ್ಳದೆ ಓಡಿಸಿದರೆ. ಅಮೆರಿಕದ ಶಾಲಾ ಶಿಕ್ಷಕ ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರಿನಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಓಡಿಸಿದ್ದರು. ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿದರು, ಎಂಜಿನ್ ಬಿಚ್ಚಿ ಕಟ್ಟಿಸಿದರು, ಹೆದ್ದಾರಿಗಳಲ್ಲಿ ಒಂದೇ ಸಮನೆ ಸಾಗಿದರು. ಷರತ್ತನ್ನು ತೆಗೆದು ಹಾಕಿದರೆ ತರ್ಕಕ್ಕೆ ಏನಾಗುತ್ತದೆ ಎಂಬುದಕ್ಕೆ ಆ ಕಾರೇ ಉದಾಹರಣೆ.

ಎದುರು ದಿಕ್ಕಿನ ತರ್ಕ ಇನ್ನೂ ಅಪಾಯಕಾರಿ, ಏಕೆಂದರೆ ಅದು ಸಂತೋಷ ಕೊಡುತ್ತದೆ. ಕಡಿಮೆ ಓಡಿದ ಡೆಲಿವರಿ ವ್ಯಾನ್ ಊರೊಳಗೆ ಮನೆಯಿಂದ ಮನೆಗೆ ನಿಂತು ನಿಂತು ಓಡಿರಬಹುದು. ಎಂಜಿನ್ ಪೂರ್ತಿ ಬಿಸಿಯಾಗುವ ಮುನ್ನವೇ ಆರಿಸಿದರೆ ಎಣ್ಣೆಯಲ್ಲಿ ನೀರಿನಂಶ, ಇಂಧನ ಸೇರುತ್ತವೆ. ಡೀಸೆಲ್ ಗಾಡಿಯ ಮಸಿ ಹಿಡಿಯುವ ಫಿಲ್ಟರ್ ತನ್ನ ಮಸಿಯನ್ನು ಸುಟ್ಟುಕೊಳ್ಳಲು ಬೇಕಾದ ದೀರ್ಘ ಓಟ ಅದಕ್ಕೆ ಸಿಗುವುದೇ ಇಲ್ಲ. ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಇದ್ದ ಹೊತ್ತಂತೂ ಮೀಟರಿಗೆ ಸೇರುವುದಿಲ್ಲ. ಫೋರ್ಡ್ ಕಂಪನಿಯ ಡೀಸೆಲ್ ಕೈಪಿಡಿಗಳು ಅಂಥ ಒಂದು ಗಂಟೆಯನ್ನು ಸುಮಾರು 25 ಮೈಲಿ ಓಟಕ್ಕೆ ಸಮ ಎನ್ನುತ್ತವೆ. ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 250 ಕೆಲಸದ ದಿನ ಎಂದು ಹಿಡಿದರೂ 12,500 ಮೈಲಿಯ ಸವೆತ ಲೆಕ್ಕದ ಹೊರಗೆ ಉಳಿಯಿತು. ಐದು ವರ್ಷದ ಗಾಡಿಗೆ ಅದು 60,000 ದಾಟುತ್ತದೆ.

ಇನ್ನು ಬೇಕೆಂದೇ ಮಾಡುವ ಮೋಸ. ಅಂಕಿ ಎಲೆಕ್ಟ್ರಾನಿಕ್ ಚಿಪ್‌ನೊಳಗೆ ಕೂತ ಮೇಲೆ ಅದನ್ನು ಬದಲಾಯಿಸಲು ಸ್ಕ್ರೂಡ್ರೈವರ್ ಕೂಡ ಬೇಡ. ಒಂದು ಉಪಕರಣ, ಕೆಲವು ನಿಮಿಷ ಸಾಕು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ ಅಲ್ಲಿ ವರ್ಷಕ್ಕೆ 4,50,000ಕ್ಕೂ ಹೆಚ್ಚು ಗಾಡಿಗಳು ಸುಳ್ಳು ಮೀಟರಿನೊಡನೆ ಮಾರಾಟವಾಗುತ್ತವೆ. ಮೀಟರ್ ತಿರುಗಿಸುವುದನ್ನು ಜರ್ಮನಿ 2005ರಲ್ಲಿ ಅಪರಾಧವೆಂದು ಸಾರಿ ಒಂದು ವರ್ಷದವರೆಗಿನ ಸೆರೆವಾಸ ಇಟ್ಟಿತು. ಬ್ರಿಟನ್ನಿನಲ್ಲಿ ಅಂಕಿ ಬದಲಾಯಿಸುವುದೇ ಅಪರಾಧವಲ್ಲ, ಬದಲಾಯಿಸಿದ್ದನ್ನು ಮುಚ್ಚಿಟ್ಟು ಮಾರುವುದು ಅಪರಾಧ. ಹೀಗೆ ಮಾರುವವನು ಕೊಳ್ಳುವವರ ಹಣದ ಜೊತೆ ಅವರ ವಿವೇಕವನ್ನೂ ಕದಿಯುತ್ತಾನೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಬೇಕು ಎಂದು ಅವರು ಸರಿಯಾಗಿಯೇ ಯೋಚಿಸುತ್ತಾರೆ. ಯೋಚನೆಗೆ ಹಾಕಿದ ಅಂಕಿ ಸುಳ್ಳಾದ್ದರಿಂದ, ಹೆದ್ದಾರಿಯ ನಡುವೆ ಬೆಲ್ಟ್ ಹರಿಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನಂಬಿಕೆಯಿಂದ ಹೊರಡಬೇಕೋ, ಸಂಶಯದಿಂದ ಹೊರಡಬೇಕೋ? ಇದರ ಮೇಲೆ ದೊಡ್ಡ ವಾದವೇ ನಡೆದಿದೆ. ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ, ಅದನ್ನು ಸುಳ್ಳಾಗಿಸುವ ಬಾಧಕ ಕಾಣುವವರೆಗೆ ನಂಬಬೇಕು ಎಂದರು ಕುಮಾರಿಲ ಭಟ್ಟನ ಪಕ್ಷದ ಮೀಮಾಂಸಕರು. ಇಲ್ಲ, ಜ್ಞಾನ ಸರಿಯೋ ಎಂಬುದು ಬೇರೊಂದು ಆಧಾರದಿಂದ ತಿಳಿಯಬೇಕು, ಮುಖ್ಯವಾಗಿ ಅದನ್ನು ನಂಬಿ ಮಾಡಿದ ಕೆಲಸ ಫಲಿಸಿತೇ ಎಂಬುದರಿಂದ ಎಂದರು ನೈಯಾಯಿಕರು. ಈ ವಾದಕ್ಕೆ ಕನ್ನಡ ನಾಡಿನಿಂದಲೂ ಒಂದು ಉತ್ತರ ಬಂದಿದೆ. ಮಳಖೇಡದಲ್ಲಿ ವೃಂದಾವನವಿದೆ ಎಂದು ಹಲವರು ನಂಬುವ, 14ನೆಯ ಶತಮಾನದ ಜಯತೀರ್ಥರ ‘ಪ್ರಮಾಣಪದ್ಧತಿ’ ಮಾಧ್ವ ಪರಂಪರೆಯಲ್ಲಿ ಇಂದಿಗೂ ಪಾಠ ಹೇಳುವ ಗ್ರಂಥ. ಜ್ಞಾನದ ಪ್ರಾಮಾಣ್ಯವನ್ನು ಒಳಗಿನ ಸಾಕ್ಷಿಯೇ ಹಿಡಿಯುತ್ತದೆ ಎಂಬುದು ಆ ಪರಂಪರೆಯ ನಿಲುವು. ಆದರೆ ಸಂಶಯಕ್ಕೆ ಕಾರಣ ಎದುರಿದ್ದಾಗ ಸಾಕ್ಷಿ ಆತುರಪಡುವುದಿಲ್ಲ. ಪರೀಕ್ಷೆ ನಡೆಯಬೇಕು, ಸಂಶಯ ಕಳೆದ ಮೇಲೆ ನಿಶ್ಚಯ.

ಮೂಲದಲ್ಲಿ ಬೇರೆಯಾದ ಈ ದಾರಿಗಳು ಹಳೆಯ ವ್ಯಾನಿನ ಮುಂದೆ ಒಂದೇ ಕಡೆ ಕೂಡುತ್ತವೆ. ಅಂಕಿ ಕಡಿಮೆಯಾದಷ್ಟೂ ಬೆಲೆ ಏರುವ ವ್ಯಾಪಾರದಲ್ಲಿ ಸಂಶಯಕ್ಕೆ ಕಾರಣ ಮೊದಲೇ ಇದೆ. ಆದ್ದರಿಂದ ಅಲ್ಲಿ ಪರೀಕ್ಷಿಸುವುದು ಮಾರುವವನಿಗೆ ಮಾಡುವ ಅವಮಾನವಲ್ಲ.

ಪರೀಕ್ಷೆ ಹೇಗಿರಬೇಕು ಎಂಬುದಕ್ಕೂ ನ್ಯಾಯಶಾಸ್ತ್ರದಲ್ಲಿ ಒಂದು ಹಳೆಯ ದೃಷ್ಟಾಂತವಿದೆ. ನದಿ ಉಕ್ಕಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎಂದು ಊಹಿಸುತ್ತೇವೆ. ಕೆಳಗೆ ಯಾರೋ ಒಡ್ಡು ಕಟ್ಟಿದರೂ ನೀರು ಏರುತ್ತದಲ್ಲ ಎಂಬುದು ಎದುರಾಳಿಯ ಆಕ್ಷೇಪ. ವಾತ್ಸ್ಯಾಯನನ ಉತ್ತರ: ಬರೀ ನೀರಿನ ಮಟ್ಟ ನೋಡಬೇಡ. ಮಳೆಯ ನೀರಿನ ಸೆಳವು ಬೇರೆ, ಅದು ನೊರೆ, ಎಲೆ, ಕಾಯಿ, ಕಟ್ಟಿಗೆ ಹೊತ್ತು ತರುತ್ತದೆ.

ವ್ಯಾನಿನಲ್ಲಿ ಆ ನೊರೆ, ಎಲೆಗಳು ಎಲ್ಲಿವೆ ಎಂದು ಬಲ್ಲವರಿಗೆ ಗೊತ್ತು. ಕ್ಲಚ್ ಪೆಡಲಿನ ರಬ್ಬರ್, ಸ್ಟೀರಿಂಗಿನ ಮೇಲಿನ ನುಣುಪು, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು, ಜಾರುವ ಬಾಗಿಲಿನ ಹಳಿ. ಟೈರಿನ ಬದಿಯಲ್ಲಿ ಒತ್ತಿದ ನಾಲ್ಕು ಅಂಕಿ ಅದು ತಯಾರಾದ ವಾರ, ವರ್ಷ ಹೇಳುತ್ತವೆ. ಗ್ಯಾರೇಜ್ ರಸೀದಿಗಳಲ್ಲಿ ಆ ದಿನದ ಮೀಟರ್ ಅಂಕಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಅಲ್ಲದೆ ಬೇರೆ ನಿಯಂತ್ರಣ ಘಟಕಗಳೂ ಓಟದ ಲೆಕ್ಕ ಇಟ್ಟುಕೊಂಡಿರುತ್ತವೆ. ಸ್ಕ್ಯಾನರ್ ಹಾಕಿದರೆ ಎರಡು ಲೆಕ್ಕ ತಾಳೆಯಾಗುತ್ತವೆಯೇ ಎಂದು ನೋಡಬಹುದು. ಇಲ್ಲೂ ಅವಸರ ಸಲ್ಲದು. ಅಂಕಿ ಕಡಿಮೆ, ಸೀಟಿನ ಅಂಚು ಮಾತ್ರ ಹರಿದಿದೆ ಎಂದರೆ ಮೋಸವೇ ಆಗಬೇಕಿಲ್ಲ. ದಿನವಿಡೀ ಇಳಿದು ಹತ್ತಿ ಪಾರ್ಸೆಲ್ ಕೊಟ್ಟವನ ದುಡಿಮೆಯ ಗುರುತೂ ಅದಾಗಿರಬಹುದು. ಆಗ ಮೀಟರ್ ನಿಜವಾಗಿದ್ದು, ಎಂಜಿನ್ ಬಗ್ಗೆ ವಿಚಾರಿಸಬೇಕಾಗುತ್ತದೆ.

ಒಬ್ಬೊಬ್ಬರ ಪರೀಕ್ಷೆಗೆ ಮಿತಿ ಇದೆ ಎಂದು ಅರಿತ ಸಮಾಜಗಳು ಆಪ್ತತನವನ್ನು ಸಾರ್ವಜನಿಕ ವ್ಯವಸ್ಥೆಯಾಗಿ ಕಟ್ಟಿವೆ. ಬೆಲ್ಜಿಯಂನಲ್ಲಿ 2006ರಿಂದ ಕಾರ್-ಪಾಸ್ ಇದೆ. ಗಾಡಿ ಕೆಲಸಕ್ಕೆ ಬಂದಾಗಲೆಲ್ಲ ಗ್ಯಾರೇಜಿನವರು ಮೀಟರ್ ಅಂಕಿಯನ್ನು ವರದಿ ಮಾಡಬೇಕು, ಮಾರುವವರು ಆ ಚರಿತ್ರೆಯ ಪತ್ರ ಕೊಡಬೇಕು. ಗ್ರೇಟ್ ಬ್ರಿಟನ್ನಿನಲ್ಲಿ ಎಂಒಟಿ ಎಂಬ ವಾರ್ಷಿಕ ತಪಾಸಣೆಯ ದಾಖಲೆಯನ್ನು ನೋಂದಣಿ ಸಂಖ್ಯೆ ಹಾಕಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ವರ್ಷದಿಂದ ವರ್ಷಕ್ಕೆ ಅಂಕಿ ಏರಿದ ರೀತಿ, ತುಕ್ಕಿನ ಎಚ್ಚರಿಕೆಗಳು ಎಲ್ಲವೂ ಅಲ್ಲಿವೆ. ಆದರೆ ಮೊದಲ ತಪಾಸಣೆ ನಡೆಯುವುದು ಮೂರು ವರ್ಷ ತುಂಬಿದ ಮೇಲೆ. ಡೆಲಿವರಿ ವ್ಯಾನ್ ಅತಿ ಹೆಚ್ಚು ದುಡಿಯಬಹುದಾದ ಆ ಮೂರು ವರ್ಷಗಳ ಬಗ್ಗೆ ಈ ದಾಖಲೆಯಲ್ಲಿ ಒಂದು ಅಕ್ಷರವೂ ಇಲ್ಲ. ಅಲ್ಲಿಗೆ ರಸೀದಿಗಳೇ ಗತಿ.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ತಿಳಿಯಬೇಕಾದದ್ದು ನಿಜಕ್ಕೂ ಏನು? ಕ್ಯಾಂಪರ್ ಆದ ವ್ಯಾನ್ ಕೊರಿಯರ್ ಗಾಡಿಯಂತೆ ದಿನವೂ ಓಡುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುತ್ತದೆ. ಎಂಜಿನ್ ಕೈಕೊಟ್ಟರೆ ಬೇರೊಂದು ಹಾಕಿಸಬಹುದು. ಬಾಡಿ ಹಾಗಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ದೇಶದಲ್ಲಿ ತುಕ್ಕು ಕೆಳಗಿನಿಂದ ತಿನ್ನುತ್ತಾ ಬರುತ್ತದೆ. 1995ರಲ್ಲಿ ಬಂದ ಮೊದಲ ತಲೆಮಾರಿನ ಮರ್ಸಿಡಿಸ್ ಸ್ಪ್ರಿಂಟರ್ ಇದಕ್ಕೆ ಹೆಸರುವಾಸಿ: ಲಕ್ಷಗಟ್ಟಲೆ ಮೈಲಿ ಓಡಿದ ಗಟ್ಟಿ ಎಂಜಿನ್, ಸುತ್ತ ಉದುರುವ ತಗಡು. ಅದರ ಮೇಲೆ ಹಲಗೆ, ಶಾಖ ತಡೆಯುವ ಪದರ ಹಾಕಿ ಮುಚ್ಚಿದ ಮೇಲೆ ತುಕ್ಕನ್ನು ಯಾರೂ ನೋಡಲಾರರು. ಹಾಗಾಗಿ 1,60,000 ಮೈಲಿ ಓಡಿಯೂ ರಸೀದಿಗಳ ಕಡತವಿರುವ, ತಳ ಒಣಗಿ ಗಟ್ಟಿಯಾಗಿರುವ ವ್ಯಾನ್, 60,000 ಮೈಲಿಯ ಚರಿತ್ರೆಯಿಲ್ಲದ ವ್ಯಾನಿಗಿಂತ ಒಳ್ಳೆಯ ಆಯ್ಕೆ.

ಕೊಂಡವರು ಒಂದು ದಿನ ಮಾರುವವರಾಗುತ್ತಾರೆ, ಆಗ ವಾತ್ಸ್ಯಾಯನನ ಮೂರು ಲಕ್ಷಣಗಳು ಅವರಿಗೇ ಅನ್ವಯಿಸುತ್ತವೆ. ಹಲಗೆ ಹೊಡೆಯುವ ಮುನ್ನ ಬರಿಯ ತಗಡಿನ, ಕೆರೆದು ಬಣ್ಣ ಹಚ್ಚಿದ ತುಕ್ಕಿನ ಫೋಟೋ ತೆಗೆದಿಡುವುದು ಅವರ ಕೈಯಲ್ಲೇ ಇದೆ. ಎಣ್ಣೆ ಬದಲಾಯಿಸಿದ ದಿನ, ಆಗಿನ ಮೀಟರ್ ಅಂಕಿ, ವೈರ್ ಹೋದ ದಾರಿ, ಮೀಟರ್ ಪೆಟ್ಟಿಗೆಯನ್ನೇ ಬದಲಾಯಿಸಿದ್ದರೆ ಹಳೆಯದರ ಕೊನೆಯ ಅಂಕಿ, ಇವೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಹಿಡಿಯುತ್ತವೆ. ಕೀಲಿಯ ಜೊತೆ ಆ ನೋಟ್‌ಬುಕ್ಕನ್ನೂ ಕೊಟ್ಟರೆ, ಮುಂದೆ ಕೊಳ್ಳುವವರು ಪೆಡಲಿನ ರಬ್ಬರ್ ನೋಡಿ ಊಹಿಸುವ ಬದಲು ಓದಿ ತಿಳಿಯಬಹುದು.